ಹನ್ನೆರಡು ಖಾನೆಗಳ ಬೀರು

ತಕ್ಕಡಿ ರಿಪೇರಿ ಅವರ ಕಸುಬು. ಬೀದಿಗೆಲ್ಲ ಅವರು ತಕ್ಕಡಿಯಣ್ಣ. ಔಷಧಿ ಅಂಗಡಿಯ, ಚಿನ್ನದಂಗಡಿಯ ಪುಟ್ಟ ತಕ್ಕಡಿಗಳು ನಿಯತ್ತು ತಪ್ಪಿದರೆ ಅವರ ಮೇಜಿಗೇ ಬರಬೇಕು. ಕೂದಲೆಳೆಯ ವ್ಯತ್ಯಾಸವನ್ನೂ ಬಿಡದ ಮನುಷ್ಯ. “ಮದ್ವೆಗೆ ಮುಂಚೆ ನನ್ನನ್ನೂ ತೂಗಿ ನೋಡಿರ್ಬೇಕು ಇವ್ರು” ಎಂದು ಹೆಂಡತಿ ಛೇಡಿಸುತ್ತಿದ್ದಳು. “ತೂಗಿದ್ದೆ. ಆಗ ನೀನು ಕಮ್ಮಿ ಇದ್ದೆ” ಎನ್ನುವುದು ಅವರ ಮಾಮೂಲಿ ಉತ್ತರ.

ಅವರಿಗಿದ್ದ ಹುಚ್ಚು ಒಂದೇ, ರೋಮನ್ನರ ತಾಮ್ರದ ನಾಣ್ಯ. ಯಾವುದೋ ಹರಾಜಿನಲ್ಲಿ ಮಣ್ಣು ಮೆತ್ತಿದ ಒಂದು ಡಬ್ಬಿ ಸಿಕ್ಕಿತ್ತು. ಹೆಬ್ಬೆರಳ ಉಗುರಿನಷ್ಟೇ ಅಗಲದವು, ಇನ್ನೂರ ಹದಿನಾಲ್ಕು. ಭೂತಗನ್ನಡಿಯ ಕೆಳಗೆ ಮುಳ್ಳಿನ ಮೊನೆಯಿಂದ ಹತ್ತೊಂಬತ್ತು ವರ್ಷ ಆ ಮಣ್ಣು ಬಿಡಿಸಿದರು. ಒಂದೊಂದಕ್ಕೂ ಒಂದು ರಟ್ಟಿನ ಚೀಟಿ: ಮುಂದೆ ಯಾವ ದೊರೆಯ ತಲೆ, ಹಿಂದೆ ಏನಿದೆ, ಅಂಚಿನಲ್ಲಿ ಎಷ್ಟು ಅಕ್ಷರ ಉಳಿದಿವೆ, ಅಗಲ, ತೂಕ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದು ಬರೆದಾರೇ ಹೊರತು ಒಂದು ಸಾಲನ್ನೂ ಖಾಲಿ ಬಿಟ್ಟವರಲ್ಲ. ಪಟ್ಟಿ ಮುಗಿದ ಮೇಲೆ ನಾಣ್ಯ, ಚೀಟಿ ಎರಡನ್ನೂ ವಸ್ತುಸಂಗ್ರಹಾಲಯಕ್ಕೆ ಕೊಡುವುದೆಂದು ಮಾತಾಗಿತ್ತು.

ಅವರಿಗೆ ಅರವತ್ತು ತುಂಬಿದಾಗ ಬಡಗಿ ಭಾಮೈದ ಆ ನಾಣ್ಯಗಳಿಗೆಂದೇ ಹನ್ನೆರಡು ತೆಳು ಖಾನೆಗಳ ಬೀರು ಮಾಡಲು ಕೂತ. ಏಳನೆಯ ಖಾನೆ ಕೊಯ್ಯುವಾಗ ಗರಗಸದ ಯಂತ್ರ ಅವನ ಬಲಗೈಯ ಮೂರು ಬೆರಳು ತೆಗೆಯಿತು. ಉಳಿದ ಖಾನೆಗಳನ್ನು ಎಡಗೈಯಲ್ಲಿ ಮುಗಿಸಿ, ಬ್ಯಾಂಡೇಜು ಬಿಚ್ಚುವ ಮೊದಲೇ ತಾನೇ ಹೊತ್ತು ತಂದ. ಆಮೇಲೆ ಅವನ ಪಾಲಿಗೆ ಉಳಿದದ್ದು ಬಾಗಿಲಿಗೆ ಚಿಲಕ ಹಾಕುವಂಥ ಕೆಲಸ.

ಪ್ರತಿ ಭಾನುವಾರ ಬಂದು, ಹನ್ನೆರಡು ಖಾನೆಯನ್ನೂ ಎರಡೇ ಬೆರಳಲ್ಲಿ ಎಳೆದು ತೋರಿಸುತ್ತಿದ್ದ. “ನೋಡಿ ಭಾವ, ಬೆಣ್ಣೆ ಜಾರಿದ ಹಾಗೆ! ನಿಮ್ಮ ದೊರೆಗಳಿಗೆಲ್ಲ ಮನೆ ಕಟ್ಕೊಟ್ಟೋನು ನಾನು.”

“ಬಾಡಿಗೆ ಒಂದು ಕೇಳ್ಬೇಡ ಕಣೋ.”

ಎರಡು ವರ್ಷಕ್ಕೆ ಒಂದು ನಾಣ್ಯದ ಮೇಲೆ ಹಸಿರು ಪುಡಿ ಕಂಡಿತು. ತಿಂಗಳೊಳಗೆ ಪಕ್ಕದವಕ್ಕೂ. ಪಟ್ಟಿ ನೋಡಲು ಬಂದ ಸಂಗ್ರಹಾಲಯದ ಅಧಿಕಾರಿ ಖಾನೆಗೆ ಮೂಗು ಹಿಡಿದರು. “ಹುಳಿ ವಾಸನೆ ಬರ್ತಿದೆ ಅಲ್ವಾ? ಈ ಜಾತಿ ಮರ ಹುಳಿ ಆವಿ ಬಿಡುತ್ತೆ, ತಾಮ್ರ ತಿನ್ನುತ್ತೆ. ಇವತ್ತೇ ತೆಗೆದು ಗಾಜಿನ ಡಬ್ಬಿಗೆ ಹಾಕಿ. ಇಲ್ದಿದ್ರೆ ನಮಗೆ ಕೊಡೋಕೆ ಪುಡಿ ಮಾತ್ರ ಉಳಿಯುತ್ತೆ.”

“ನನ್ನ ತಮ್ಮ ತಾನೇ, ನಾನೇ ಹೇಳ್ತೀನಿ ಬಿಡ್ರೀ” ಎಂದಳು ಹೆಂಡತಿ.

“ಏನಂತ ಹೇಳ್ತೀಯ? ಮೂರು ಬೆರಳು ಕೊಟ್ಟು ವಿಷದ ಪೆಟ್ಟಿಗೆ ಮಾಡ್ದೆ ಅಂತಾನಾ?”

ಅಂದಿನಿಂದ ಸೋಮವಾರ ನಾಣ್ಯಗಳು ಗಾಜಿನ ಡಬ್ಬಿಗೆ, ಶನಿವಾರ ಸಂಜೆ ಮತ್ತೆ ಬೀರುವಿಗೆ. ನಡುವಿನ ದಿನಗಳಲ್ಲಿ ಹಸಿರು ಕೆರೆದು, ತೂಗಿ, ಚೀಟಿಯಲ್ಲಿ ಹಳೆಯ ತೂಕದ ಕೆಳಗೆ ಹೊಸದನ್ನು ಬರೆಯುತ್ತಿದ್ದರು. ಎರಡು ಗ್ರಾಂ ಇದ್ದದ್ದು ಒಂದೂಮುಕ್ಕಾಲಾಯಿತು, ಒಂದೂವರೆಯಾಯಿತು. ಭಾನುವಾರ ಮಾತ್ರ ಭಾಮೈದನ ಎದುರು ನಗುತ್ತಿದ್ದರು. ಆರು ವರ್ಷ ಹೀಗೇ ಹೋಯಿತು.

ಕೊನೆಗೊಂದು ಶನಿವಾರ, ಹನ್ನೆರಡನೆಯ ಖಾನೆ ತುಂಬಿಸಿ ಮುಚ್ಚಿದವರು ಅಲ್ಲೇ ಕುಸಿದರು. ಹೃದಯ. ನಾಲ್ಕು ತಿಂಗಳು ಆಸ್ಪತ್ರೆ. ಹಾಸಿಗೆಯ ಪಕ್ಕ ಕೂತ ಹೆಂಡತಿಗೆ ನಾಣ್ಯದ ನೆನಪೆಲ್ಲಿ? ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದಾಗ ಅವರು ಮೊದಲು ಎಳೆದದ್ದು ಖಾನೆಗಳನ್ನೇ. ದೊರೆಗಳ ಮುಖವೆಲ್ಲ ಉದುರಿತ್ತು. ಬೆರಳು ತಾಗಿದರೆ ಪುಡಿ. ಮಂಚದ ಮೇಲೆ ಒರಗಿಕೊಂಡು ಇನ್ನೂರ ಹದಿನಾಲ್ಕು ಚೀಟಿಗೂ ಎರಡೆರಡು ಸಾಲು ಸೇರಿಸಿದರು: ಹಾಳಾದ ದಿನ, ಕಾರಣ. ದಿನ ಬರೆದರು. ಮುಂದಿನ ವಾರ ತೀರಿಕೊಂಡರು.

ಸಂಗ್ರಹಾಲಯದವರು ಚೀಟಿಗಳಾದರೂ ಇರಲಿ ಎಂದಿದ್ದರು. ಕಟ್ಟಿಕೊಡಲು ಬಂದ ಭಾಮೈದ ಒಂದೊಂದನ್ನೇ ನೋಡುತ್ತ ನಿಂತುಬಿಟ್ಟ.

“ಅಕ್ಕ, ಭಾವ ಈ ಕಾರಣದ ಸಾಲು ಯಾಕೆ ಖಾಲಿ ಬಿಟ್ಟಿದ್ದಾರೆ?”

ಅಕ್ಕ ಕಿಟಕಿಯತ್ತ ತಿರುಗಿಕೊಂಡಳು. ಅವನು ಚೀಟಿಯ ಮೇಲೆ ಇಳಿಯುತ್ತ ಹೋದ ತೂಕಗಳನ್ನು ಓದಿದ. ಬೀರುವಿನ ಖಾನೆ ಎಳೆದ. ಬೆಣ್ಣೆ ಜಾರಿದ ಹಾಗೆ ಬಂತು. ಬಗ್ಗಿ ಮೂಸಿದ. ನಲವತ್ತು ವರ್ಷ ಮರದ ಜೊತೆ ಬದುಕಿದವನಿಗೆ ಬೇರೆಯವರು ಹೇಳಬೇಕಿರಲಿಲ್ಲ.

“ಎಷ್ಟು ದಿನದಿಂದ ಗೊತ್ತಿತ್ತು?”

“ಆರು ವರ್ಷ.”

ಅವನು ಪೆನ್ಸಿಲನ್ನು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು, ಕಾರಣದ ಎದುರು ಸೊಟ್ಟಸೊಟ್ಟ ಅಕ್ಷರದಲ್ಲಿ ‘ಬೀರುವಿನ ಮರ’ ಎಂದು ಬರೆದ. ಎರಡನೆಯ ಚೀಟಿಯಲ್ಲೂ ಬರೆದ.

“ಸಾಕು ಬಿಡೋ” ಎಂದಳು ಅಕ್ಕ.

“ಭಾವ ಖಾಲಿ ಬಿಡೋರಲ್ಲ ಅಕ್ಕ” ಎಂದು ಮೂರನೆಯದನ್ನು ಎಳೆದುಕೊಂಡ.