ಖಂಡೇ ಪೂಜೆಯ ದಿನದ ಅಂಕಿ

ಸಂಗೊಳ್ಳಿಯ ಶಟ್ಟೆಪ್ಪ ಜನ್ಮದಲ್ಲಿ ಸುಳ್ಳು ಬರೆದದ್ದು ಒಂದೇ ಸಲ. ಆ ಒಂದು ಸುಳ್ಳು ಅವನ ನೌಕರಿ ಉಳಿಸಿತು. ಉಳಿಸದಿದ್ದರೇ ಒಳ್ಳೆಯದಿತ್ತು ಅಂತ ನಾನಂತೂ ಹೇಳುತ್ತೇನೆ, ನೀವು ಕೇಳಿದ ಮೇಲೆ ಏನನ್ನುತ್ತೀರೋ ನೋಡೋಣ.

ಸವದತ್ತಿಯ ಆಚೆ ಒಂದು ಬೋಳು ಗುಡ್ಡ. ಅದರ ನೆತ್ತಿಯ ಮೇಲೆ ತಗಡಿನ ಕೊಠಡಿ, ಉದ್ದನೆಯ ಕಂಬ, ಒಳಗೆ ಪೊಲೀಸರ ವೈರ್‌ಲೆಸ್ ಸೆಟ್ಟು. ರಾಮದುರ್ಗದಲ್ಲಿ ಆಡಿದ ಮಾತು ಸವದತ್ತಿಗೆ ನೇರ ಮುಟ್ಟುತ್ತಿರಲಿಲ್ಲ, ನಡುವೆ ಗುಡ್ಡ ಅಡ್ಡ. ಈ ಸೆಟ್ಟು ಅಲ್ಲಿಯ ಮಾತು ಹಿಡಿದು ಇಲ್ಲಿಗೆ ದಾಟಿಸುತ್ತಿತ್ತು. ಎಪ್ಪತ್ತನಾಲ್ಕನೆಯ ಇಸವಿ, ಕೆಳಗಿನ ಹಳ್ಳಿಗೇ ಕರೆಂಟು ನೆಟ್ಟಗಿಲ್ಲ, ಗುಡ್ಡಕ್ಕೆ ಯಾರು ಕೊಡುತ್ತಾರೆ! ಎಲ್ಲ ನಡೆಯುತ್ತಿದ್ದುದು ಎರಡು ಬ್ಯಾಟರಿಗಳ ಮೇಲೆ. ಅವುಗಳನ್ನು ಕಾಯುವವನು ಶಟ್ಟೆಪ್ಪ, ಅವನ ಮನೆ ಗುಡ್ಡದ ಬುಡದಲ್ಲಿ.

ದಿನಾ ಮುಂಜಾನೆ ಎಂಟಕ್ಕೆ ಅವನು ಪಿಚಕಾರಿಯಂಥ ಗಾಜಿನ ನಳಿಗೆಯಿಂದ ಬ್ಯಾಟರಿಯ ನೀರು ಹೀರಿ, ಒಳಗಿನ ತೇಲುಬುಡ್ಡಿ ಯಾವ ಅಂಕಿಗೆ ನಿಂತಿದೆ ನೋಡಿ ರಜಿಸ್ಟರಿನಲ್ಲಿ ಬರೆಯುತ್ತಿದ್ದ. ಸಾವಿರದ ಇನ್ನೂರೈವತ್ತು ಇದ್ದರೆ ಹೊಟ್ಟೆ ತುಂಬಿದೆ ಅಂತ. ಸಾವಿರದ ಇನ್ನೂರಕ್ಕಿಂತ ಕೆಳಗೆ ಇಳಿದರೆ ಹ್ಯಾಂಡಲ್ ತಿರುವಿ ಇಂಜಿನ್ ಹಚ್ಚಿ ಚಾರ್ಜ್ ಮಾಡಬೇಕು. ಆಮೇಲೆ ರಾಮದುರ್ಗದ ಸೆಟ್ಟಿನ ಮುಂದೆ ಕೂರುವ ಬಸಲಿಂಗಪ್ಪನಿಗೆ ಕೂಗಿ ಹೇಳುತ್ತಿದ್ದ: "ಗುಡ್ಡ ಆರಾಮ ಐತ್ರಿ." ಆರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹತ್ತಿದ್ದ.

ಶಟ್ಟೆಪ್ಪನಿಗೆ ಒಬ್ಬಳೇ ಮಗಳು, ಸಾವಂತ್ರೆವ್ವ. ರಾಮದುರ್ಗದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಎರಡನೆಯ ಬಾಣಂತನ, ಗಂಡನ ಮನೆಯಲ್ಲೇ ಆಗಬೇಕಿತ್ತು. "ನೀ ಏನೂ ಕಾಳಜಿ ಮಾಡಬ್ಯಾಡೋ ಮಾರಾಯಾ," ಎಂದಿದ್ದ ಬಸಲಿಂಗಪ್ಪ. "ಕೂಸು ಅತ್ತಿದ್ದು ಇಲ್ಲೆ, ನಿನಗ ಗುಡ್ಡದ ಮ್ಯಾಲೆ ಕೇಳಸತೈತಿ."

ಮಹಾನವಮಿ ಬಂತು. ಹಬ್ಬದ ಬಂದೋಬಸ್ತಿಗೆ ಎರಡು ದಿನ ಸೆಟ್ಟು ಬಿಡುವಿಲ್ಲದೆ ಮಾತಾಡಿತ್ತು. ಅಷ್ಟಮಿಯ ದಿನ ಅಂಕಿ ಸಾವಿರದ ಇನ್ನೂರಾ ಹತ್ತು. ನಾಳೆ ಮುಂಜಾನೆ ನೋಡಿ ಇಂಜಿನ್ ಹಚ್ಚಿದರಾಯಿತು ಎಂದು ಶಟ್ಟೆಪ್ಪ ಮಲಗಿದ.

ಮರುದಿನ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಅವನು ಏಳುವುದರೊಳಗೆ ಹೆಂಡತಿ ಕಾಡವ್ವ ಕೊಠಡಿ ಸಾರಿಸಿ, ಹ್ಯಾಂಡಲ್, ನಟ್ಟು ತಿರುವುವ ಪಾನಾ, ಗಾಜಿನ ನಳಿಗೆ ಎಲ್ಲ ತೊಳೆದು ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ ಬಿಟ್ಟಿದ್ದಳು. ಪೂಜೆಗೆ ಕೂತ ಹತಾರ ಮರುದಿನದ ತನಕ ಮುಟ್ಟುವುದುಂಟೇ? ಕುಡುಗೋಲಿಗೂ ಆ ದಿನ ರಜೆ. ಶಟ್ಟೆಪ್ಪ ತಲೆ ಕೆರೆದುಕೊಂಡ, ಬಾಗಿಲಾಚೆ ನೋಡಿದ, ಹಿಂದಿನ ದಿನದ ಅಂಕಿಯನ್ನೇ ಇನ್ನೊಮ್ಮೆ ಬರೆದ.

ಹನ್ನೆರಡರ ಸುಮಾರಿಗೆ ಸೆಟ್ಟಿನ ಕೆಂಪು ದೀಪ ಮಬ್ಬಾಯಿತು. ಅವನು ಥಟ್ಟನೆ ಎದ್ದ. ಹ್ಯಾಂಡಲಿಗೆ ಕೈ ಚಾಚಿದ.

"ಅಯ್ಯ, ಮುಟ್ಟಬ್ಯಾಡ್ರಿ!" ಕಾಡವ್ವ ಬಾಗಿಲಲ್ಲಿದ್ದಳು. "ಮಗಳು ದಿನಾ ತುಂಬಿ ಕುಂತಾಳ. ಇಂಥಾದ್ರಾಗ ಪೂಜಿ ಕೆಡಸತಾರೇನ್ರಿ? ಅಕಿಗೆ ಏನರೆ ಆದ್ರ?"

ಮಗಳ ಹೆಸರು ಎತ್ತಿದ ಮೇಲೆ ಯಾವ ತಂದೆಯ ಕೈ ಮುಂದೆ ಹೋದೀತು? ಶಟ್ಟೆಪ್ಪ ಕೈ ಹಿಂದೆ ತೆಗೆದ. ಇಬ್ಬರೂ ಕೆಳಗಿಳಿದು ಹೋಳಿಗೆ ಉಂಡರು.

ದಶಮಿಯ ಮುಂಜಾನೆ ಹತಾರಗಳಿಗೆ ಕೈಮುಗಿದು ಇಂಜಿನ್ ಹಚ್ಚಿದ. ಸೆಟ್ಟಿಗೆ ಜೀವ ಬಂತು. "ಗುಡ್ಡ ಆರಾಮ ಐತ್ರಿ" ಎಂದ. ಬಸಲಿಂಗಪ್ಪ ಬರೀ "ಹೂಂ" ಎಂದ. ಸಂಜೆಗೆ ಆತನೇ ಲಾರಿ ಹತ್ತಿ ಬಂದಿಳಿದ. ಶಟ್ಟೆಪ್ಪ ನಗುತ್ತ ಬನ್ನಿ ಹಿಡಿದು ಮುಂದೆ ಹೋದ. "ತಗೋರಿ, ಬಂಗಾರದಂಗ ಇರೂಣು." ಬಸಲಿಂಗಪ್ಪ ಬನ್ನಿ ತೆಗೆದುಕೊಳ್ಳಲಿಲ್ಲ.

"ವೈರ್‌ಲೆಸ್ಸಿನಾಗ ಹೇಳೂ ಮಾತಲ್ಲೋ ಇದು. ಸಾವಂತ್ರೆವ್ವಗ ಹೆಣ್ಣು ಕೂಸು ಆತು. ರಕ್ತ ನಿಲ್ಲಲಿಲ್ಲ. ಇದ್ದೊಂದು ಜೀಪು ಬಂದೋಬಸ್ತಿಗಂತ ಸವದತ್ತಿಗೆ ಬಂದಿತ್ತು. ಅದನ್ನ ಹೊಳ್ಳಿ ಕಳಸ್ರಿ ಅಂತ ಹನ್ನೆರಡೂವರಿಯಿಂದ ಹೊತ್ತು ಮುಣಗೂ ತನಕಾ ಒದರಿದೆ. ಗುಡ್ಡ ಮಾತಾಡಲಿಲ್ಲ. ಸಂಜಿಮುಂದ ಹೋಗಿಬಿಟ್ಳು."

ಕಾಡವ್ವ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಶಟ್ಟೆಪ್ಪ ಬನ್ನಿ ಹಿಡಿದುಕೊಂಡೇ ನಿಂತಿದ್ದ.

ಮೂರು ವಾರದ ಮೇಲೆ ವೈರ್‌ಲೆಸ್ ಇಲಾಖೆಯ ಸಾಹೇಬರು ವಿಚಾರಣೆಗೆ ಬಂದರು. ರಜಿಸ್ಟರ್ ತಿರುವಿ, "ಸಾವಿರದ ಇನ್ನೂರಾ ಹತ್ತು. ಬ್ಯಾಟರಿ ಬರೋಬ್ಬರಿ ಇತ್ತಲ್ಲಪಾ. ಸೆಟ್ಟೇ ಕೈ ಕೊಟ್ಟಿರಬೇಕು. ನಿನ್ನದೇನೂ ತಪ್ಪಿಲ್ಲ," ಎಂದರು.

"ಸಾಹೇಬ್ರ, ಆ ದಿನ ನಾ..." ಎಂದು ಶಟ್ಟೆಪ್ಪ ಬಾಯಿ ತೆರೆದ. ಹೊಸ್ತಿಲಲ್ಲಿ ಕಾಡವ್ವ ತಾಯಿಯಿಲ್ಲದ ಕೂಸಿಗೆ ಅರಳೆಯಿಂದ ಆಡಿನ ಹಾಲು ಹಿಂಡುತ್ತಿದ್ದಳು. ಅಂಕಿ ನೋಡಲಿಲ್ಲ ಎಂದರೆ ಯಾಕೆ ನೋಡಲಿಲ್ಲ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಇವಳಿಗೂ ತಿಳಿಯುತ್ತದೆ. ಅವನು ಬಾಯಿ ಮುಚ್ಚಿದ. ಸಾಹೇಬರು ಕೆಂಪು ಮಸಿಯಲ್ಲಿ ಸಹಿ ಹಾಕಿ ಹೋದರು.

"ಏನಂದ್ರು?" ಎಂದಳು ಕಾಡವ್ವ.

"ಬ್ಯಾಟರಿ ಬರೋಬ್ಬರಿ ಇದ್ದೂವಂತ."

ಅವಳು ಮೂರು ವಾರದಿಂದ ಹಿಡಿದಿಟ್ಟ ಉಸಿರು ಬಿಟ್ಟಳು. "ಹಂಗಾರ ನಾ ಪೂಜಿ ಮಾಡಿದ್ದಕ್ಕ ಏನೂ ಆಗಿಲ್ಲ, ಹೌದಿಲ್ರಿ?"

"ಏನೂ ಆಗಿಲ್ಲ," ಎಂದ ಶಟ್ಟೆಪ್ಪ. ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿ, ಅದರ ಹೊಟ್ಟೆಯಲ್ಲಿ ಮುಖ ಹುದುಗಿಸಿ ಅತ್ತ.

ಮರುವರ್ಷ ಮತ್ತೆ ಖಂಡೇ ಪೂಜೆ ಬಂತು. ಕಾಡವ್ವ ಹತಾರ ತೊಳೆದು, ಹೂ ಏರಿಸಿ, ಅಡಿಗೆಗೆಂದು ಕೆಳಗಿಳಿದಳು. ಶಟ್ಟೆಪ್ಪ ನಳಿಗೆ ಎತ್ತಿಕೊಂಡು ಅಂಕಿ ನೋಡಿದ. ಸಾವಿರದ ಇನ್ನೂರಾ ಐದು. ನಿಯಮದ ಪ್ರಕಾರ ಇನ್ನೂ ಒಂದು ದಿನ ನಡೆಯುತ್ತಿತ್ತು. ಅವನು ಕಾಯಲಿಲ್ಲ. ಹ್ಯಾಂಡಲಿನ ಹೂವು ತೆಗೆದಿಟ್ಟು ಜೋರಾಗಿ ತಿರುವಿದ. ಕುಂಕುಮ ಅಂಗೈಗೆಲ್ಲ ಹತ್ತಿತು.

ಇಂಜಿನ್ ಸದ್ದು ಕೆಳಗಿನ ಮನೆಯ ತನಕ ಕೇಳುತ್ತದೆ ಎಂಬುದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಊಟಕ್ಕೆ ಇಳಿದಾಗ ಒಲೆ ಆರಿತ್ತು, ಹೂರಣ ಹಾಗೇ ಇತ್ತು. ಕಾಡವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದ್ದಳು. ಅವನ ಅಂಗೈಯನ್ನೇ ನೋಡಿದಳು.

"ಹೋದ ವರ್ಷ ಹಿಂಗ ಹಚ್ಚಿದ್ರ ನನ್ನ ಮಗಳು ಉಳಿತಿದ್ಳೇನ್ರಿ?"

ಶಟ್ಟೆಪ್ಪ ಅವಳ ಪಕ್ಕಕ್ಕೆ ಕುಳಿತ. ಈ ಸಲ ಅವನಿಗೆ ಸುಳ್ಳು ಹೇಳಲಾಗಲಿಲ್ಲ.