ಚಿಕ್ಕಮ್ಮನ ಕೊನೆಯ ಆನ್‌ಲೈನ್ ಪೇಪರ್

ನೀವು ನಂಬಲ್ಲ ಬಿಡಿ. ಕಳೆದ ಭಾನುವಾರ ನಮ್ಮ ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಲ್ಯಾಪ್‌ಟಾಪಿಗೆ ಕೈಮುಗಿದು ‘ನಮಸ್ಕಾರ ಸರ್’ ಎಂದರು. ಆ ಕಡೆ ಯಾವ ಸರ್ರೂ ಇರಲಿಲ್ಲ. ಇದ್ದದ್ದು ಕ್ಯಾಮೆರಾದ ಒಂದು ಪುಟ್ಟ ಹಸಿರು ದೀಪ.

ದೂರಶಿಕ್ಷಣದ ಬಿ.ಎ. ಕೊನೆಯ ಪೇಪರ್ ಅದು. ಮನೆಯಲ್ಲೇ ಕೂತು ಬರೆಯಬೇಕು. ಚಿಕ್ಕಮ್ಮ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಫೋನ್ ಎತ್ತುವವರು. ಆದರೆ ಅಲ್ಲಿನ ಮಕ್ಕಳು ಹಿಸ್ಟರಿ ಡೌಟು ಕೇಳುವುದು ಅವರನ್ನೇ. ‘ಈ ಸಲ ಡಿಗ್ರಿ ತನ್ನಿ, ಕ್ಲಾಸ್ ನಿಮ್ಗೇ. ಇಲ್ಲಾಂದ್ರೆ ಬೇರೆಯವ್ರನ್ನ ತಗೋತೀನಿ’ ಎಂದಿದ್ದಾರೆ ಅದರ ಯಜಮಾನರು.

ಚಿಕ್ಕಮ್ಮನಿಗೆ ರಾಜರು, ಯುದ್ಧಗಳು ಎಲ್ಲ ಬಾಯಿಪಾಠ. ಮೌಸ್ ಕಂಡರೆ ಮಾತ್ರ ಬಿಸಿ ಹಂಚು ಮುಟ್ಟಿದಂತೆ ಕೈ ಹಿಂದಕ್ಕೆ. ಒಂದು ಸಂಜೆ ಕ್ಲಿಕ್ ಮಾಡಲು ಕಲಿಯುವಾಗ ಟೇಬಲ್ ಮೇಲೆ ಬೆವರಿನ ಕೆರೆಯೇ ಆಗಿತ್ತು (ಸರಿ, ಎರಡು ಹನಿ). ಆದರೆ ಕೋಚ್ ಯಾರು? ಹಿನಕಲ್‌ನ ಸರ್ವಶ್ರೇಷ್ಠ ಕಂಪ್ಯೂಟರ್ ತಜ್ಞೆ, ಸೆಕೆಂಡ್ ಪಿಯುಸಿ, ಅಂದರೆ ನಾನು!

‘ಹೆದರ್ಬೇಡಿ ಚಿಕ್ಕಮ್ಮ, ಅದೇನು ಕಚ್ಚಲ್ಲ.’

‘ಕಚ್ಚಿದ್ರೆ ಇಂಜೆಕ್ಷನ್ ತಗೋಬೋದು ಕಣೇ. ಇದು ಸುಮ್ನೆ ನೋಡ್ತಾ ಕೂತಿರ್ತದಲ್ಲ, ಅದೇ ಭಯ.’

ನಿಜವಾಗಿಯೂ ನೋಡುತ್ತದೆ. ಕ್ಯಾಮೆರಾದಲ್ಲಿ ಇನ್ನೊಂದು ಮುಖ ಕಂಡರೆ ಪರೀಕ್ಷೆ ರದ್ದು. ಈ ನಿಯಮ ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಎಷ್ಟು ರೂಮುಗಳಿರಬಹುದು? ನಮ್ಮಲ್ಲಿ ವೈಫೈ ಸಿಗುವುದು ಹಾಲ್‌ನಲ್ಲಿ ಮಾತ್ರ. ಸ್ನಾನಕ್ಕೆ ಹೋಗುವವರೂ ಹಾಲ್ ದಾಟಿಯೇ ಹೋಗಬೇಕು. ಒಬ್ಬರೇ ಕೂರುವುದು ಎಲ್ಲಿ? ತಾರಸಿ ಮೇಲಾ?

ಅಪ್ಪನನ್ನು ಮಾರ್ಕೆಟ್ಟಿಗೆ ಓಡಿಸಿದೆ. ಅಮ್ಮ ತಾನಾಗಿಯೇ ತಂಗಿಯ ಹೆಸರಲ್ಲಿ ಅರ್ಚನೆ ಮಾಡಿಸಲು ಹೊರಟಳು. ‘ಯಾರೂ ಒಳಗೆ ಬರಂಗಿಲ್ಲ’ ಎಂದು ಸಾವಿರ ಸಲ ಹೇಳಿದೆ. ಗೇಟಿನಲ್ಲಿ ಅರಮನೆ ಕಾವಲಿನವರ ಗತ್ತಿನಲ್ಲಿ ನಿಂತೆ. ಗ್ಯಾಸ್‌ನವರು ವಾಪಸ್. ಹೂವಿನವರು ವಾಪಸ್. ಒಂದು ಬೆಕ್ಕು ಕೂಡ ವಾಪಸ್ (ಅದಕ್ಕೂ ಮುಖ ಇದೆಯಲ್ಲ?).

ಕಿಟಕಿಯಲ್ಲಿ ಇಣುಕಿದೆ. ಚಿಕ್ಕಮ್ಮನ ಕೈ ಮೌಸ್ ಮೇಲೆಯೇ ಇತ್ತು. ಕ್ಲಿಕ್. ಕ್ಲಿಕ್. ಒಂದು ಪ್ರಶ್ನೆ ಓದಿ ಸಣ್ಣಗೆ ನಕ್ಕರು ಕೂಡ. ಆ ನಗು ಅವರ ಮದುವೆ ಆಲ್ಬಮ್ಮಿನಲ್ಲೂ ಇಲ್ಲ.

ಆಗ ಅಡುಗೆಮನೆಯ ಹಿಂಬಾಗಿಲಿಂದ ಅಮ್ಮ ಬಂದಳು. ಕೈಯಲ್ಲಿ ಮೊಸರು-ಸಕ್ಕರೆಯ ಬಟ್ಟಲು.

ನಾನು ಕಿಟಕಿಯಲ್ಲಿ ಎರಡೂ ಕೈ ಬೀಸಿದೆ. ಅಮ್ಮನೂ ನಗುತ್ತಾ ನನಗೆ ಕೈ ಬೀಸಿದಳು. (ಅಮ್ಮನ ಪ್ರಕಾರ ‘ಯಾರೂ’ ಎಂದರೆ ಹೊರಗಿನವರು. ಒಡಹುಟ್ಟಿದ ಅಕ್ಕ ‘ಯಾರೋ’ ಆಗುವುದು ಹೇಗೆ?)

‘ಬೆಳಿಗ್ಗೆ ಕೊಡೋದೇ ಮರ್ತ್‌ಬುಟ್ಟೆ ಕಣೇ ಸವಿತಾ. ಬಾಯಿ ತೆಗಿ. ಒಳ್ಳೇದಾಗ್ಲಿ.’

ಚಮಚ ಬಾಯಿಗೆ ಹೋಯಿತು. ಎರಡು ಮುಖಗಳೂ ಕ್ಯಾಮೆರಾಕ್ಕೆ ಹೋದವು.

ಸ್ಕ್ರೀನ್ ಕೆಂಪಾಯಿತು. ಪರೀಕ್ಷೆ ರದ್ದಾಗಿದೆ ಎಂದಷ್ಟೇ ಬಂತು. ಯಾಕೆ ಎಂದು ಇಲ್ಲ.

ನಾನು ಒಳಗೆ ಓಡಿದೆ. ಅಮ್ಮ ಬಟ್ಟಲು ಹಿಡಿದು ನಿಂತೇ ಇದ್ದಳು. ಚಿಕ್ಕಮ್ಮ ಮೌಸ್‌ನಿಂದ ಕೈ ತೆಗೆದು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು. ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ.

‘ನಾನೇನಾದ್ರೂ ಒತ್ತಬಾರದ್ದು ಒತ್ತ್‌ಬುಟ್ನೇ?’