ಸೊಣ್ಣಮ್ಮನವರ ಹನ್ನೊಂದು ಕಾಗದ

ಸೊಣ್ಣಮ್ಮನವರು ಯಾರಿಗಾದರೂ ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊಲವೆಲ್ಲ ಬಿಟಿಎಂ ಲೇಔಟಿಗೆ ಹೋದ ಮೇಲೆ ಉಳಿದ ಮೂಲೆ ಜಾಗದಲ್ಲಿ ಆರು ಬಾಡಿಗೆ ಮನೆ ಕಟ್ಟಿಸಿ, ಗಂಡ ತೀರಿಕೊಂಡ ಮೇಲೂ ಒಬ್ಬರೇ ನಿಭಾಯಿಸಿಕೊಂಡು ಬಂದ ಹೆಂಗಸು. ನೀರು ಬಿಡುವವನಿಂದ ಹಿಡಿದು ಕರೆಂಟ್ ಬಿಲ್ಲಿನವನ ತನಕ ಎಲ್ಲರೂ ಅವರ ಬಾಯಿಗೆ ಹೆದರುತ್ತಿದ್ದರು. ಆ ಆರರಲ್ಲಿ ಕೊನೆಯ ಒಂದೇ ಕೋಣೆಯ ಮನೆ ನನ್ನದು. ನಾನು ಮೌನೇಶ, ಸುರಪುರದವನು. ಜಯನಗರದ ಒಂದು ಕಂಪನಿಯಲ್ಲಿ ಟಪಾಲು ಗುಮಾಸ್ತ. ದಿನವಿಡೀ ಲಕೋಟೆಗಳ ಮೇಲೆ ವಿಳಾಸ ಬರೆಯುವುದೇ ನನ್ನ ಘನ ಉದ್ಯೋಗ.

1997ರ ಒಂದು ಭಾನುವಾರ ಬೆಳಿಗ್ಗೆ ಅವರು ಒಂದು ಇನ್‌ಲ್ಯಾಂಡ್ ಲೆಟರ್ ಹಿಡಿದುಕೊಂಡು ಬಂದರು. ಅವರಿಗೆ ಸಹಿ ಹಾಕಲಷ್ಟೇ ಬರುತ್ತಿತ್ತು.

"ಮೌನೇಶ, ಇದೇನು ಓದು. ನಿನ್ನೆ ಬಂತು. ಯಾರು ಹಾಕವ್ರೋ ಹೆಸ್ರೇ ಇಲ್ಲ ಅಂದ್ರು ಪೋಸ್ಟ್‌ಮ್ಯಾನು."

ನಾನು ಜಾಣನಾಗಿದ್ದರೆ ಮೊದಲು ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ. ಆದರೆ ಗಟ್ಟಿಯಾಗಿ, ಅದೂ ನಾಟಕದ ಧಾಟಿಯಲ್ಲಿ, ನಗುತ್ತಾ ಓದಿದೆ. ಯಾವುದೋ ಬೆಟ್ಟದ ಮೇಲೆ ದೇವಿ ಪ್ರತ್ಯಕ್ಷಳಾಗಿದ್ದಾಳೆ. ಈ ಸುದ್ದಿಯನ್ನು ಹನ್ನೊಂದು ದಿನದೊಳಗೆ ಹನ್ನೊಂದು ಕಾಗದ ಬರೆದು ಕಳಿಸಿದವರಿಗೆ ಸಕಲ ಸೌಭಾಗ್ಯ. ಒಬ್ಬಾಕೆ ಸುಳ್ಳೆಂದು ಒಲೆಗೆ ಹಾಕಿದಳು, ವಾರದೊಳಗೆ ಅವಳ ಮನೆಯ ತೊಟ್ಟಿಲು ಬರಿದಾಯಿತು. ತೊಟ್ಟಿಲು ಅನ್ನುವ ಮಾತಿಗೆ ಬಂದಾಗ ನನ್ನ ನಾಲಿಗೆ ತಡವರಿಸಿತು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಅವರು ಹೊಸ್ತಿಲ ಮೇಲೆ ಕುಸಿದು ಕೂತಿದ್ದರು.

ಅವರ ಒಬ್ಬಳೇ ಮಗಳು ಅರ್ಪಿತ ಆಗ ಏಳು ತಿಂಗಳ ಬಸುರಿ. ಅದಕ್ಕೆ ಮೊದಲು ಎರಡು ಸಲ ಮೂರನೇ ತಿಂಗಳಿಗೇ ಹೋಗಿತ್ತು. ತ್ಯಾಗರಾಜನಗರದ ಅತ್ತೆಮನೆಯಲ್ಲಿದ್ದ ಅವಳನ್ನು ಸೀಮಂತ ಮುಗಿಸಿ ಕರೆತರುವುದಕ್ಕೆ ಸೊಣ್ಣಮ್ಮನವರು ದಿನ ಎಣಿಸುತ್ತಿದ್ದರು.

"ಅಮ್ಮಾರ, ಇವೆಲ್ಲಾ ಕೆಲಸಿಲ್ಲದವ್ರು ಮಾಡೋ ಕೆಲಸ ರೀ. ಹರದು ಒಗೀರಿ" ಎಂದೆ.

"ಸುಳ್ಳು ಅಂತ ನಂಗೂ ಗೊತ್ತು ಕಣೋ. ನಾನೇನು ದಡ್ಡೀನಾ? ಆದ್ರೆ ನಾನು ಕಳಿಸ್ದೆ ಕೂತ್ಕೊಂಡು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗ್ಬಿಟ್ರೆ? ಸಾಯೋವರ್ಗೂ ನನ್ನ ಕೈಯಾರೆ ಕಳ್ಕೊಂಡೆ ಅನ್ಸಲ್ವಾ?"

ಮರುದಿನ ಸಂಜೆಯ ಹೊತ್ತಿಗೆ ಹನ್ನೊಂದು ಇನ್‌ಲ್ಯಾಂಡ್ ನನ್ನ ಮುಂದೆ ಬಂದವು.

ಯಾರಿಗೆ ಕಳಿಸುವುದು ಅನ್ನುವುದೇ ದೊಡ್ಡ ಪಂಚಾಯಿತಿಯಾಯಿತು. ನಾನು ಅವರ ತಂಗಿಯ ಹೆಸರು ಹೇಳಿದೆ. "ಬೇಡ, ಅವ್ಳಿಗೆ ಎದೆ ವೀಕು." ಹಿಂದಿನ ಬೀದಿಯ ದರ್ಜಿಯ ಹೆಂಡತಿ? "ಅಯ್ಯೋ, ಒಬ್ಬನೇ ಮಗ ಕಣೋ ಅವ್ಳಿಗೆ." ಒಳ್ಳೆಯದಾಗಲಿ ಎಂದು ಬರೆಯುವ ಕಾಗದಕ್ಕೆ ಯಾವ ಮನೆ ಎಷ್ಟು ಕೆಟ್ಟದ್ದನ್ನು ತಾಳಿಕೊಂಡೀತು ಎಂದು ಅವರು ತೂಗಿ ನೋಡುತ್ತಿದ್ದರು. ಕೊನೆಗೆ ಗಂಡನ ಕಡೆಯ ದೂರದ ನೆಂಟೆಯೊಬ್ಬಳ ನೆನಪಾಗಿ ಅವರ ಮುಖ ಸ್ವಲ್ಪ ಗೆಲುವಾಯಿತು.

"ತಿಲಕ್ ನಗರದ ಲಕ್ಷ್ಮಮ್ಮಂಗೆ ಹಾಕು. ನಾಲ್ಕು ಗಂಡುಮಕ್ಳು, ಎಲ್ಲಾ ಗುಂಡುಕಲ್ಲು ಇದ್ದಂಗವ್ರೆ. ಅವ್ಳಿಗೇನಾಗುತ್ತೆ?"

ನಾನು ಬರೆದೆ. ಮೊದಲ ಮೂರು ಕಾಗದ ನಗುತ್ತಲೇ ಬರೆದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ, ಅದೇ ಶಾಪವನ್ನು ಮತ್ತೆ ಮತ್ತೆ ನನ್ನ ಕೈಯಲ್ಲೇ ಬರೆದೂ ಬರೆದೂ, ಊರಲ್ಲಿದ್ದ ನನ್ನ ಅವ್ವನ ಮುಖ ಕಣ್ಣ ಮುಂದೆ ಬರತೊಡಗಿತು. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಯಿತು. ಬೇಗ ಬೇಗ ಮುಗಿಸಿ, ಅಂಟಿಸಿ, ಡಬ್ಬಿಗೆ ಹಾಕಿ ಬಂದೆ. ಸೊಣ್ಣಮ್ಮನವರು ಅವತ್ತು ಹೊಟ್ಟೆತುಂಬ ಮುದ್ದೆ ಉಂಡರು.

ಒಂಬತ್ತು ದಿನ ಕಳೆದ ಮೇಲೆ ಒಂದು ಸಂಜೆ ಲಕ್ಷ್ಮಮ್ಮ ಬಂದಳು. ಕಣ್ಣು ಕೆಂಪಗಿದ್ದವು. ಕೈಯಲ್ಲಿ ನಾನು ಬರೆದ ಕಾಗದವಿತ್ತು.

"ಹಿಂದೆ ನಿನ್ನ ಹೆಸ್ರು ನೋಡ್ದೆ ಸೊಣ್ಣಿ. ಮನೆ ನಂಬರ್ ಸಮೇತ."

ಇಂಥ ಕಾಗದಕ್ಕೆ ಯಾರೂ ಹೆಸರು ಹಾಕುವುದಿಲ್ಲ. ನಮ್ಮ ಕಚೇರಿಯಲ್ಲಿ ಕಳಿಸುವವರ ವಿಳಾಸವಿಲ್ಲದೆ ಒಂದು ಲಕೋಟೆ ಹೋದರೂ ಸಾಹೇಬರು ಉಗಿಯುತ್ತಿದ್ದರು. ಆರು ವರ್ಷದ ಆ ಅಭ್ಯಾಸಕ್ಕೆ ನಾನು ಹನ್ನೊಂದರ ಹಿಂದೆಯೂ ಸೊಣ್ಣಮ್ಮನವರ ವಿಳಾಸವನ್ನು ದುಂಡಗೆ ಬರೆದಿದ್ದೆ.

"ನಿನ್ನ ಕಾಗ್ದ ಬಂದ ನಾಲ್ಕನೇ ದಿನಕ್ಕೆ ನನ್ನ ಕೊನೇ ಮಗ ಕಾಮಾಲೆ ಅಂತ ಆಸ್ಪತ್ರೆ ಸೇರ್ದ. ಯಾಕೆ ಸೊಣ್ಣಿ? ನನ್ನ ಮನೆಗೇ ಯಾಕೆ ಕಳಿಸ್ದೆ?"

ಉತ್ತರ ಗೊತ್ತಿದ್ದ ನಾನು ತಲೆ ತಗ್ಗಿಸಿ ನಿಂತೆ.

ಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗ್ಲಿ ಬಿಡು. ನಾನೂ ಹನ್ನೊಂದು ಬರೆಸಿ ಹಾಕ್ದೆ. ನೀನು ನನ್ನ ನೆನೆಸ್ಕೊಂಡೆ, ನಾನೂ ನಿನ್ನ ಮಗಳನ್ನ ನೆನೆಸ್ಕೊಂಡೆ. ಮೊದಲ್ನೇದು ಅರ್ಪಿತಂಗೇ ಹಾಕ್ಸಿದೀನಿ. ನಿನ್ನೇನೇ ಸೇರಿರುತ್ತೆ."

ತ್ಯಾಗರಾಜನಗರಕ್ಕೆ ಹೊರಟ ಆಟೋದಲ್ಲಿ ಸೊಣ್ಣಮ್ಮನವರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರು ನಾಟಿತ್ತು. ಒಂದೇ ಮಾತು ಹೇಳುತ್ತಿದ್ದರು: "ಓದಿರ್ಬಾರ್ದು, ಓದಿರ್ಬಾರ್ದು." ಕಾಗದದ ಹಿಂದೆ ಅವರ ವಿಳಾಸ ಹಾಕಿದ್ದು ನನ್ನದೇ ತಪ್ಪು ಎಂದು ಹೇಳಿ ಕಾಲಿಗೆ ಬೀಳೋಣವೆನಿಸಿತು. ಧೈರ್ಯ ಬರಲಿಲ್ಲ.

ಅರ್ಪಿತ ಓದಿಯಾಗಿತ್ತು. ಊಟದ ಮೇಜಿನ ಮುಂದೆ, ಮುಖವೆಲ್ಲ ಬೆವೆತು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದಳು. ಪಕ್ಕದಲ್ಲಿ ಮಡಿಸಿದ ಇನ್‌ಲ್ಯಾಂಡುಗಳ ಸಣ್ಣ ಕಟ್ಟಿತ್ತು.

"ಅಮ್ಮಾ, ಒಳ್ಳೇ ಟೈಮಿಗೆ ಬಂದೆ. ಅತ್ತೆ ದೇವಸ್ಥಾನದಿಂದ ಬರೋಷ್ಟ್ರಲ್ಲಿ ಮುಗಿಸ್ಬೇಕು. ಎಂಟಾಯ್ತು. ಇನ್ನು ಮೂರು ಯಾರಿಗೆ ಹಾಕ್ಲಿ ಹೇಳು. ಸುಳ್ಳು ಅಂತ ಗೊತ್ತಮ್ಮಾ... ಆದ್ರೆ ಬೆಳಗ್ಗಿಂದ ಮಗು ಒದ್ದೇ ಇಲ್ಲ."

ಬೈಯುತ್ತಾರೆ, ಎಲ್ಲವನ್ನೂ ಕಿತ್ತು ಹರಿಯುತ್ತಾರೆ ಅಂದುಕೊಂಡೆ. ಸೊಣ್ಣಮ್ಮನವರು ಆ ಎಂಟು ಕಾಗದವನ್ನು ನನ್ನ ಕೈಗಿಟ್ಟು ಹೆಸರು ಓದಲು ಹೇಳಿದರು. ಓದಿದೆ. ಒಂದೊಂದು ಹೆಸರಿಗೂ ಅವರು ಕಣ್ಣು ಮುಚ್ಚಿ ತೆರೆದರು. ಎಲ್ಲ ಮಕ್ಕಳೊಂದಿಗರು.

"ಎಲ್ಲಾ ಹೊಡೆದಾಕು ಮೌನೇಶ. ಹನ್ನೊಂದಕ್ಕೂ ನನ್ನ ಹೆಸ್ರು ಬರಿ."

"ಅಮ್ಮಾ! ಒಬ್ರಿಗೇ ಹಾಕಿದ್ರೆ ನಡೆಯುತ್ತಾ?"

"ಹನ್ನೊಂದು ಕಾಗ್ದ ಅಂತ ತಾನೇ ಬರ್ದಿರೋದು? ಹನ್ನೊಂದು ಜನ ಅಂತ ಐತಾ? ಓದು ನೋಡೋಣ."

ಅರ್ಪಿತ ಮತ್ತೆ ಓದಿದಳು, ಎರಡು ಸಲ. ಹಾಗೆ ಎಲ್ಲೂ ಬರೆದಿರಲಿಲ್ಲ. ಅವಳ ಹೆಗಲು ನಿಧಾನವಾಗಿ ಸಡಿಲವಾಯಿತು. ಉಳಿದ ಮೂರನ್ನು ಬರೆದಳು. ನಾನು ವಿಳಾಸ ಬರೆದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಬೀದಿಯ ಕೊನೆಯ ಅಂಚೆಡಬ್ಬಿಗೆ ಹಾಕಿದೆವು. ವಾಪಸ್ ಬಂದಾಗ ಕಾಫಿ ಕುಡಿಯುತ್ತಿದ್ದ ಅರ್ಪಿತ ಥಟ್ಟನೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಮಗು ಒದ್ದಿತ್ತು.

ಮನೆಗೆ ಬರುವ ದಾರಿಯಲ್ಲಿ ನಾನು ತಮಾಷೆ ಮಾಡಲು ನೋಡಿದೆ. "ಇನ್ನ ನೀವು ನೂರಾ ಇಪ್ಪತ್ತೊಂದು ಬರೆಸಬೇಕೇನ್ರೀ ಅಮ್ಮಾರ?"

"ಒಂದೂ ಇಲ್ಲ. ಮಗೂಂದು ಅವ್ಳು ಬರ್ದಾಯ್ತು, ಇನ್ನು ಬರೋದು ನನ್ನೊಬ್ಬಳ ತಲೆಗೆ" ಎಂದರು. ನಗಲಿಲ್ಲ.

ಮೂರನೆಯ ದಿನ ಪೋಸ್ಟ್‌ಮ್ಯಾನ್ ಬಂದಾಗ ನಾನು ಕೆಲಸಕ್ಕೆ ಹೊರಟಿದ್ದೆ. ಒಂದೇ ಮನೆಗೆ ಇಷ್ಟೊಂದಾ ಎಂದು ಅವನಿಗೆ ಆಶ್ಚರ್ಯ. ಸೊಣ್ಣಮ್ಮನವರು ಸೆರಗೊಡ್ಡಿ ಹನ್ನೊಂದನ್ನೂ ಹಾಕಿಸಿಕೊಂಡರು. ಸೆರಗನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪೋಸ್ಟ್‌ಮ್ಯಾನ್ ಗೇಟು ದಾಟಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ನಂಗೇನಾದ್ರೂ ಆದ್ರೆ, ಇದ್ರಿಂದ ಆಯ್ತು ಅಂತ ಅರ್ಪಿತಂಗೆ ಹೇಳ್ಬೇಡ ಕಣಪ್ಪಾ."